ಯುಯುಐಡಿಗೆ ಕತ್ತರಿ ಹಾಕುವವರಿಗೆ

ಯುಯುಐಡಿ ಅಂದ್ರೆ ಡೇಟಾಬೇಸ್‌ನ ಪ್ರತಿ ರೆಕಾರ್ಡಿಗೂ ಬೇರೆಯೇ ಆಗಿರಲಿ ಅಂತ ಪ್ರೋಗ್ರಾಂ ಹುಟ್ಟಿಸುವ ಗುರುತು. ಅದರ ಉದ್ದ ಜಾಸ್ತಿ, ನೋಡೋಕೆ ಚೆನ್ನಾಗಿಲ್ಲ ಅಂತ ಮೊದಲ ಎಂಟು ಅಕ್ಷರ ಇಟ್ಟುಕೊಂಡು ಉಳಿದದ್ದನ್ನ ಬಿಸಾಕುವ ಕೋಡ್ ಈಗಲೂ ಬೇಕಾದಷ್ಟಿದೆ. ಕತ್ತರಿಸಿದ ಮೇಲೆ ಅದು ಯುಯುಐಡಿ ಅಲ್ಲವೇ ಅಲ್ಲ ಅನ್ನೋದು ನನ್ನ ತಕರಾರು.

ಯುಯುಐಡಿಯಲ್ಲಿ ಹಲವು ಬಗೆ (ವರ್ಷನ್) ಇವೆ. ವರ್ಷನ್ 4ರ 128 ಬಿಟ್‌ಗಳಲ್ಲಿ ಆರು ಬಿಟ್ ಇದು ಯಾವ ಬಗೆ ಅಂತ ಹೇಳುವ ವರ್ಷನ್, ವೇರಿಯಂಟ್‌ಗೆ ಹೋಗಿ 122 ಬಿಟ್ ರ‍್ಯಾಂಡಮ್. ಎಂಟು ಹೆಕ್ಸ್ ಅಕ್ಷರ (ಒಂದಕ್ಕೆ ನಾಲ್ಕು ಬಿಟ್) ಅಂದ್ರೆ ಬರೀ 32 ಬಿಟ್. 429 ಕೋಟಿ ಐಡಿ ಸಿಗುತ್ತಲ್ಲ, ಸಾಕು ಅಂದ್ಕೋಬೇಡಿ. ಹೊಸ ಐಡಿ ಹಳೆಯ ಯಾವುದಕ್ಕೆ ಡಿಕ್ಕಿ ಹೊಡೆದರೂ ಕೆಲಸ ಕೆಟ್ಟಿತು. ಹಾಗಾಗಿ ಸುಮಾರು 77,000 ರೆಕಾರ್ಡ್ ಆಗೋ ಹೊತ್ತಿಗೇ ಎಲ್ಲೋ ಎರಡು ಐಡಿ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. 122 ಬಿಟ್ ಪೂರ್ತಿ ಇಟ್ಟರೆ ಅದೇ ಸಾಧ್ಯತೆಗೆ 27ರ ಮುಂದೆ 17 ಸೊನ್ನೆ ಹಾಕಿದಷ್ಟು ಐಡಿ ಹುಟ್ಟಬೇಕು.

ವರ್ಷನ್ 7ಕ್ಕೆ ಬದಲಾಯಿಸಿ ಕತ್ತರಿ ಹಾಗೇ ಬಿಟ್ಟವರ ಪಾಡಂತೂ ಕೇಳಲೇಬೇಡಿ. ಇದರ ಮೊದಲ 48 ಬಿಟ್ ಮಿಲಿಸೆಕೆಂಡ್ ಲೆಕ್ಕದ ಸಮಯ. ಮೊದಲ ಎಂಟು ಅಕ್ಷರ ಆ ಸಮಯದ ಮೇಲ್ಭಾಗ ಮಾತ್ರ, 65.536 ಸೆಕೆಂಡಿಗೊಮ್ಮೆ ಬದಲಾಗುತ್ತೆ. ನಡುವೆ ಹುಟ್ಟಿದ ಅಷ್ಟೂ ಆರ್ಡರ್‌ಗಳಿಗೆ ಒಂದೇ ನಂಬರ್! ಟೆಸ್ಟಿಂಗ್‌ನಲ್ಲಿ ನಿಧಾನಕ್ಕೆ ಒಂದೊಂದೇ ಮಾಡಿ ನೋಡಿದವರಿಗೆ ಗೊತ್ತೇ ಆಗಲ್ಲ.

ಹಾಗಂತ ವರ್ಷನ್ 7 ಕೆಟ್ಟದ್ದಲ್ಲ. ಹೊಸ ಸಾಲುಗಳು ಇಂಡೆಕ್ಸ್‌ನ (ಡೇಟಾಬೇಸ್ ಬೇಗ ಹುಡುಕೋಕೆ ಇಟ್ಟುಕೊಳ್ಳುವ ಪಟ್ಟಿ) ಕೊನೆಗೇ ಸೇರೋದರಿಂದ, ಎಲ್ಲೆಲ್ಲೋ ನುಗ್ಗಿ ಪೇಜ್ ಒಡೆಯುವ ವರ್ಷನ್ 4ಕ್ಕಿಂತ ಪ್ರೈಮರಿ ಕೀಗೆ (ಸಾಲಿನ ಮುಖ್ಯ ಗುರುತಿಗೆ) ಇದೇ ಮೇಲು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 18ನೇ ಆವೃತ್ತಿಯಲ್ಲಿ ಇದಕ್ಕೆ ಫಂಕ್ಷನ್ನೇ ಇದೆ. ರೆಕಾರ್ಡ್ ಯಾವಾಗ ಹುಟ್ಟಿತು ಅನ್ನೋದು ಐಡಿಯಲ್ಲೇ ಕಾಣುತ್ತೆ ಅನ್ನೋದು ನೆನಪಿರಲಿ.

ಚಿಕ್ಕ ಕೋಡ್ ಬೇಕೇ ಬೇಕು, ಫೋನಲ್ಲಿ ಓದಿ ಹೇಳಬೇಕು ಅಂದ್ರೆ ಅದಕ್ಕೆ ಬೇರೆ ಕಾಲಂ ಮಾಡಿ. ಅಂಕೆ, ಇಂಗ್ಲಿಷ್ ಅಕ್ಷರಗಳಲ್ಲಿ ಐ, ಎಲ್, ಓ, ಯು ಬಿಟ್ಟು ಉಳಿದ 32 ಚಿಹ್ನೆಗಳಿಂದ ಹತ್ತು ಆರಿಸಿದರೆ 50 ಬಿಟ್. ಅರ್ಧಕ್ಕರ್ಧ ಅಪಾಯ ಬರೋದು ಸುಮಾರು 4 ಕೋಟಿಗೆ. ಆರಿಸೋಕೆ ಜಾವಾಸ್ಕ್ರಿಪ್ಟ್‌ನ ಮ್ಯಾಥ್ ಡಾಟ್ ರ‍್ಯಾಂಡಮ್ ಬೇಡ, ಆಪರೇಟಿಂಗ್ ಸಿಸ್ಟಂ ಕೊಡುವ ಕ್ರಿಪ್ಟೋ ರ‍್ಯಾಂಡಮ್ ಬಳಸಿ. ಪ್ರೋಗ್ರಾಂ ಒಳಗೇ ಸೀಡ್ (ರ‍್ಯಾಂಡಮ್ ಸಾಲಿನ ಆರಂಭದ ಸಂಖ್ಯೆ) ಹಾಕಿ ಆಮೇಲೆ ಪ್ರೋಸೆಸ್ ಫೋರ್ಕ್ ಮಾಡಿದರೆ, ಅಂದ್ರೆ ಓಡುತ್ತಿರುವ ಪ್ರೋಗ್ರಾಂ ತನ್ನದೇ ನಕಲು ಮಾಡಿಕೊಂಡರೆ, ಆ ಮಕ್ಕಳೆಲ್ಲ ಒಂದೇ ಸಾಲು ಐಡಿ ಉದುರಿಸುತ್ತವೆ. ಬಿಟ್ ಎಷ್ಟಿದ್ದರೂ ಆಗ ಉಪಯೋಗವಿಲ್ಲ.

ಇನ್ನು 'ಆ ಕೋಡ್ ಆಗಲೇ ಇದೆಯಾ ಅಂತ ಮೊದಲು ಸೆಲೆಕ್ಟ್ ಮಾಡಿ ನೋಡ್ತೀವಿ, ಇಲ್ಲದಿದ್ರೆ ಇನ್ಸರ್ಟ್ (ಸೇರಿಸೋದು)' ಅನ್ನೋರಿಗೆ: ಆ ಎರಡರ ನಡುವೆ ಇನ್ನೊಂದು ರಿಕ್ವೆಸ್ಟ್ ನುಗ್ಗುತ್ತೆ. ಕಾಲಂಗೆ ಯುನಿಕ್ ಕನ್‌ಸ್ಟ್ರೇಂಟ್ (ಒಂದೇ ಮೌಲ್ಯ ಎರಡು ಸಲ ಬರಬಾರದು ಅನ್ನೋ ನಿಯಮ) ಹಾಕಿ, ನೇರ ಇನ್ಸರ್ಟ್ ಮಾಡಿ, ಎರರ್ ಬಂದರೆ ಹೊಸ ಕೋಡ್ ಹುಟ್ಟಿಸಿ ಮೂರು ಸಲ ಪ್ರಯತ್ನಿಸಿ. ಚಿಕ್ಕ ಕೋಡ್‌ನಲ್ಲಿ ಅಪರೂಪಕ್ಕೊಮ್ಮೆ ಆ ಎರರ್ ಬರೋದು ಸಹಜ. ಪೂರ್ತಿ ಯುಯುಐಡಿಯಲ್ಲಿ ಬಂತು ಅಂದ್ರೆ ಮಾತ್ರ ರೀಟ್ರೈ ಮಾಡಿ ಮುಚ್ಚಿಹಾಕಬೇಡಿ, ಯುಯುಐಡಿ ಹುಟ್ಟಿಸುವ ಪ್ರೋಗ್ರಾಂ ತೆರೆದು ನೋಡಿ.