ಸತ್ಯಾಂಶ: ಮೀಠಿ ನದಿಗೆ ಕಾಂಕ್ರೀಟ್ ಹಾಕಿದರೆ ನೆರೆ ನಿಲ್ಲುತ್ತಾ?

ಮಳೆಗಾಲ ಬಂತೆಂದರೆ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆ ಈ ಮೆಸೇಜೂ ಬಂತು: ಮೀಠಿ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದು, ನದಿಯನ್ನು ನೇರ ಮಾಡಿ ಕಾಂಕ್ರೀಟ್ ಹಾಕಿದರೆ ನೆರೆಯೇ ಇರುವುದಿಲ್ಲವಂತೆ. ಅಂಗಡಿಯೊಳಗೆ ಮೊಣಕಾಲುದ್ದ ನೀರು ಕಂಡವರಿಗೆ ಇದು ಸರಿ ಅನಿಸುವುದು ಸಹಜ, ಅಲ್ವಾ? ಆದರೆ ಲೆಕ್ಕ ಅರ್ಧಕ್ಕೇ ನಿಂತಿದೆ.

ನೀರು ವೇಗವಾಗಿ ಹರಿದರೆ ಮೇಲಿನ ಬಡಾವಣೆಗೆ ಅನುಕೂಲ. ಕೆಳಗಿನವರಿಗೆ ಅಷ್ಟೂ ನೀರು ಒಟ್ಟಿಗೇ ಬರುತ್ತದೆ. ಆಗ ನದಿ ಸಮುದ್ರ ಸೇರುವ ಮಾಹಿಮ್‌ನಲ್ಲಿ ಉಬ್ಬರ ಇದ್ದರೆ? ಸಮುದ್ರವೇ ಒಳಗೆ ನುಗ್ಗುತ್ತಿರುವಾಗ ನದಿ ಹೋಗುವುದೆಲ್ಲಿಗೆ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಉಬ್ಬರವೂ ಕೂಡಿಕೊಂಡಿತ್ತು.

ಕಾಂಡ್ಲಾ ಕಾಡಿನ ಕೆಸರು ನೆಲ ಅಂಥ ನೀರಿಗೆ ಹರಡಿಕೊಳ್ಳಲು ಜಾಗ ಕೊಡುತ್ತದೆ. ಬೇರುಗಳು ಅಲೆಯ ಹೊಡೆತ ತಗ್ಗಿಸುತ್ತವೆ. ಇಂಗ್ಲೆಂಡಿನ ಪಿಕರಿಂಗ್ ಎಂಬ ಊರಲ್ಲಿ ಮೇಲ್ಭಾಗದ ತೊರೆಗಳಿಗೆ ಮರದ ದಿಮ್ಮಿ ಅಡ್ಡ ಇಟ್ಟು, ಗಿಡ ನೆಟ್ಟು, ನೀರನ್ನು ಬೇಕೆಂದೇ ನಿಧಾನ ಮಾಡಿದರು. ಹಾಗಂತ ಗಿಡಗಳೇ ಎಲ್ಲ ನೆರೆ ತಡೆಯುತ್ತವೆ ಅನ್ನುವುದೂ ಜಾಸ್ತಿಯಾಯಿತು. ಮುಂಬೈಗೆ ಚರಂಡಿಯ ಹೂಳು ತೆಗೆಯಲೇಬೇಕು, ಪಂಪೂ ಬೇಕು.

ಸುಮ್ನೆ ನನ್ನ ಮಾತು ನಂಬಬೇಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆರೆದು ನದಿದಡ ಎಷ್ಟು ಬದಲಾಗಿದೆ ನೋಡಿ. ಮೆಸೇಜಿನ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಯಾವ ಊರಿನದೆಂದು ಬಹಳ ಸಲ ಸಿಗುತ್ತದೆ. ಇನ್ನೊಂದು ಸುಲಭದ ಪರೀಕ್ಷೆ: ನಿಮ್ಮ ರಸ್ತೆಯಲ್ಲಿ ನೀರು ನಿಂತ ಹೊತ್ತು ಬರೆದಿಟ್ಟುಕೊಂಡು, ಆ ದಿನದ ಉಬ್ಬರದ ವೇಳೆಯ ಜೊತೆ ಹೋಲಿಸಿ.