ಇನ್‌ಕ್ಯುಬೇಟರಿನ ಒಳಗಿನ ಬಿಸುಪು, ಹೊರಗಿನ ಗೋಡೆ

ಇನ್‌ಕ್ಯುಬೇಟರ್ ಎಂದರೆ ಬಿಸಿಗಾಳಿ ತುಂಬಿದ ಪಾರದರ್ಶಕ ಪೆಟ್ಟಿಗೆ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಆಸ್ಪತ್ರೆಗೆ ಅಂಥದ್ದೊಂದು ಯಂತ್ರ ಬಂದರೆ ಕೂಸುಗಳ ಚಳಿಯ ಚಿಂತೆ ಮುಗಿಯಿತೆಂದು ನಂಬುತ್ತೇವೆ. ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುವ ನನ್ನ ಖಚಿತ ಅಭಿಪ್ರಾಯವೇನೆಂದರೆ, ಕೊಡಗಿನಂಥ ಜಿಲ್ಲೆಯಲ್ಲಿ ಆ ಯಂತ್ರವನ್ನು ಯಾವ ಕೋಣೆಯಲ್ಲಿ, ಯಾವ ಗೋಡೆಯ ಪಕ್ಕದಲ್ಲಿ ಇಡುತ್ತೇವೆ ಎಂಬುದಕ್ಕೂ ಯಂತ್ರಕ್ಕೆ ಕೊಡುವಷ್ಟೇ ಗಮನ ಕೊಡಬೇಕು.

ಹಸುಗೂಸಿನ ಮೈತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತೀರ್ಣ ಬಹಳ ದೊಡ್ಡದು. ಚಳಿಯಾದಾಗ ದೊಡ್ಡವರಂತೆ ನಡುಗಿ ಬಿಸಿ ಹುಟ್ಟಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಭುಜಗಳ ನಡುವೆ, ಮೂತ್ರಪಿಂಡಗಳ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿಯೇ ಅದು ಬೆಚ್ಚಗಿರಬೇಕು, ಆದರೆ ಈ ಕೊಬ್ಬು ಶೇಖರವಾಗುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಕೂಸಿನಲ್ಲಿ ಆ ಸಂಗ್ರಹ ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನವಜಾತ ಶಿಶುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಅದಕ್ಕಿಂತ ಇಳಿದರೆ ಕೂಸು ಹೆಚ್ಚು ಆಮ್ಲಜನಕ ಬಳಸುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ, ತೂಕ ಏರಲು ಬೇಕಾದ ಹಾಲಿನ ಶಕ್ತಿಯೆಲ್ಲ ಬಿಸಿಗೇ ಖರ್ಚಾಗುತ್ತದೆ.

ಬಿಸಿ ನಾಲ್ಕು ದಾರಿಗಳಲ್ಲಿ ಸೋರುತ್ತದೆ. ಮೈಮೇಲಿನ ತೇವ ಆವಿಯಾಗುವಾಗ ಆಗುವ ನಷ್ಟವನ್ನು ಯಂತ್ರದ ನೀರಿನ ತೊಟ್ಟಿಯಿಂದ ಬರುವ ತೇವಾಂಶ ತಡೆಯುತ್ತದೆ. ತಣ್ಣನೆಯ ಹಾಸಿಗೆಗೆ ಹರಿದುಹೋಗುವ ಬಿಸಿಯನ್ನು ಒಳಗಿನ ಮೆತ್ತೆ ತಡೆಯುತ್ತದೆ. ಸುತ್ತಲಿನ ಗಾಳಿಗೆ ಹೋಗುವ ಬಿಸಿಗಾಗಿ ಹೀಟರ್ ಮತ್ತು ಫ್ಯಾನ್ ಇವೆ, ಹೊಟ್ಟೆಯ ಮೇಲೆ ಅಂಟಿಸಿದ ಸಣ್ಣ ಸೆನ್ಸರ್ ಚರ್ಮದ ತಾಪವನ್ನು ಅಳೆದು ಆ ಹೀಟರನ್ನು ಏರಿಸಿ ಇಳಿಸುತ್ತದೆ. ನಾಲ್ಕನೆಯದು ವಿಕಿರಣ, ಅಂದರೆ ಯಾವುದನ್ನೂ ಮುಟ್ಟದೆಯೇ ಮೈಯಿಂದ ಶಾಖಕಿರಣವಾಗಿ ಹೊರಹೋಗುವ ಬಿಸಿ. ನಮ್ಮೂರಿನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು ಇದೇ.

ಯಂತ್ರದ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಗೋಡೆಯ ಮೂಲಕ ನಮ್ಮ ಕಣ್ಣಿಗೆ ಕೂಸು ಕಾಣುತ್ತದೆ, ಆದರೆ ಕೂಸಿನ ಮೈಯಿಂದ ಹೊರಡುವ ಶಾಖಕಿರಣ ಆ ಗೋಡೆಯನ್ನು ದಾಟುವುದಿಲ್ಲ. ಗೋಡೆಯೇ ಅದನ್ನು ಹೀರಿಕೊಳ್ಳುತ್ತದೆ. ಕೋಣೆ ತಂಪಾಗಿದ್ದರೆ ಒಂಟಿ ಪದರದ ಗೋಡೆಯೂ ತಂಪಾಗುತ್ತದೆ, ಒಳಗಿನ ಗಾಳಿ ಬೆಚ್ಚಗಿದ್ದರೂ ಕೂಸು ಆ ಗೋಡೆಗೆ ತನ್ನ ಬಿಸಿಯನ್ನು ಕೊಡುತ್ತಲೇ ಇರುತ್ತದೆ. ಕಕ್ಕಡದ ಮಳೆಯಲ್ಲಿ ಒಲೆ ಉರಿಯುತ್ತಿರುವ ಕೋಣೆಯಲ್ಲೂ ಕಿಟಕಿಯ ಗಾಜಿನ ಹತ್ತಿರ ಕುಳಿತವರಿಗೆ ಬೆನ್ನು ತಣ್ಣಗಾಗುವುದು ಇದೇ ಕಾರಣಕ್ಕೆ. ಒಳಗಿನ ಗಾಳಿಗೂ ಕೋಣೆಗೂ ನಡುವಿನ ಪ್ರತಿ 7 ಡಿಗ್ರಿ ವ್ಯತ್ಯಾಸಕ್ಕೆ ಕೂಸು ಅನುಭವಿಸುವ ಬಿಸುಪು ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ ಎಂಬ ಅಂದಾಜು ನವಜಾತ ಶಿಶುಗಳ ವೈದ್ಯರಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ. ಹಾಗಾಗಿ ಯಂತ್ರದ ಪರದೆ 34 ತೋರಿಸುತ್ತಿದ್ದು, ಕೋಣೆ 20ಕ್ಕೆ ಇಳಿದಿದ್ದರೆ, ಕೂಸಿನ ಪಾಲಿಗೆ ಅದು 32 ಮಾತ್ರ. ಎರಡು ಪದರದ ಗೋಡೆಯ ಯಂತ್ರಗಳು ಬಂದದ್ದು ಈ ಸೋರಿಕೆಯನ್ನು ಕಡಿಮೆ ಮಾಡುವುದಕ್ಕಾಗಿಯೇ.

ಒಂದೆರಡು ಡಿಗ್ರಿಯಲ್ಲಿ ಏನಿದೆ ಎಂದು ಕೇಳುವವರಿಗೆ ಹಳೆಯ ಉತ್ತರವೊಂದಿದೆ. ಪ್ಯಾರಿಸ್ಸಿನ ವೈದ್ಯ ಸ್ಟೆಫಾನ್ ಟಾರ್ನಿಯೇ 1880ರ ದಶಕದ ಆರಂಭದಲ್ಲಿ ಕೋಳಿಮರಿ ಮಾಡಿಸುವ ಪೆಟ್ಟಿಗೆಯಿಂದ ಪ್ರೇರಣೆ ಪಡೆದು ಕೂಸುಗಳಿಗೆ ಇನ್‌ಕ್ಯುಬೇಟರ್ ತಂದರು. ಆದರೂ ನ್ಯೂಯಾರ್ಕಿನಲ್ಲಿ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಒಳಗಿನ ತಾಪವನ್ನು ಎರಡು ಮೂರು ಡಿಗ್ರಿ ಏರಿಸಿದರೆ ಅವಧಿಗೆ ಮುನ್ನ ಹುಟ್ಟಿದ ಹೆಚ್ಚು ಕೂಸುಗಳು ಬದುಕುತ್ತವೆ ಎಂದು ಪ್ರಯೋಗದಿಂದ ತೋರಿಸಿದ್ದು 1958ರಲ್ಲಿ. ಅಷ್ಟು ಕಾಲ ಹಿಡಿಯಿತು.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಜುಲೈ ತಿಂಗಳಲ್ಲಿ ಇಲ್ಲಿ ಗೋಡೆಗಳೇ ಒದ್ದೆಯಾಗಿರುತ್ತವೆ. ಇಲ್ಲಿನ ಶಿಶು ಘಟಕಗಳಲ್ಲಿ ಯಂತ್ರವನ್ನು ಹೊರಗೋಡೆಯಿಂದ, ಕಿಟಕಿಯಿಂದ ದೂರವಿಡಬೇಕು. ಕೋಣೆಯನ್ನೂ ಬೆಚ್ಚಗಿಟ್ಟು, ಅದರ ತಾಪವನ್ನೂ ಚಾರ್ಟಿನಲ್ಲಿ ಬರೆಯಬೇಕು. ಬೇಸಿಗೆಯಲ್ಲೂ ಕಿಟಕಿ ಬೇಡ, ಏಕೆಂದರೆ ನೇರ ಬಿಸಿಲು ಬಿದ್ದರೆ ಪೆಟ್ಟಿಗೆ ಅಪಾಯಕಾರಿಯಾಗಿ ಕಾಯುತ್ತದೆ. ಹೊಸ ಯಂತ್ರ ಕೊಳ್ಳುವಾಗ ಎರಡು ಪದರದ್ದನ್ನೇ ಕೇಳಬೇಕು.

ಮರ ಬಿದ್ದು ಕರೆಂಟು ಹೋಗುವ ನಮ್ಮ ಮಳೆಗಾಲಕ್ಕೆ ಜನರೇಟರ್ ಬೇಕೇ ಬೇಕು, ಜೊತೆಗೆ ತಾಯಿಯ ಎದೆಯೂ ಬೇಕು. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಯಲ್ಲಿ, ಇನ್‌ಕ್ಯುಬೇಟರುಗಳ ಕೊರತೆಯ ನಡುವೆ ಶುರುವಾದ ಕಾಂಗರೂ ಆರೈಕೆಯಲ್ಲಿ ಕೂಸು ಚರ್ಮಕ್ಕೆ ಚರ್ಮ ತಾಗಿ ತಾಯಿಯ ಎದೆಯ ಮೇಲಿರುತ್ತದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಕಡಿಮೆ ತೂಕದ ಕೂಸುಗಳ ಮರಣ ಶೇ. 25ರಷ್ಟು ಇಳಿದಿತ್ತು. ಮೈಸೂರಿಗೋ ಮಂಗಳೂರಿಗೋ ಕೂಸನ್ನು ಕಳುಹಿಸುವಾಗ ಆಂಬ್ಯುಲೆನ್ಸಿನಲ್ಲಿ ಬೆಚ್ಚಗಿಡುವ ಯಂತ್ರವಿಲ್ಲದಿದ್ದರೆ, ಬಾಣಂತಿಯನ್ನು ವಾರ್ಡಿನಲ್ಲಿ ಬಿಟ್ಟು ಕೂಸನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ಒಯ್ಯಬಾರದು. ತಾಯಿಯ ಸ್ಥಿತಿ ಒಪ್ಪಿದರೆ ತಾಯಿ, ಇಲ್ಲವಾದರೆ ತಂದೆಯೋ ಅಜ್ಜಿಯೋ, ಕೂಸಿನ ತಲೆಗೆ ಟೋಪಿ ಹಾಕಿ ಎದೆಗವಚಿಕೊಂಡೇ ಘಟ್ಟ ಇಳಿಯಲಿ.