ಸ್ಮಾಲ್‌ವುಡ್ ಹಿನ್ನೀರಿನ ಕೊಲ್ಲಿಗಳ ಕುರಿತು
ಕೆನಡಾದ ಲ್ಯಾಬ್ರಡಾರ್‌ನಲ್ಲಿರುವ ಸ್ಮಾಲ್‌ವುಡ್ ಜಲಾಶಯದ ಸಿಹಿನೀರಿನ ಕೊಲ್ಲಿಗಳ ಕುರಿತ ಲೇಖನವೊಂದರಲ್ಲಿ ಲೇಖಕರು ಅವನ್ನು ‘ನಿಸರ್ಗದ ಕೆತ್ತನೆ’ ಎಂದೂ ಆ ಪ್ರದೇಶವನ್ನು ‘ನಿರ್ಜನ’ ಎಂದೂ ಬಣ್ಣಿಸಿದ್ದಾರೆ. ಮೊದಲನೆಯದು ಅರ್ಧ ಸತ್ಯ. ಹಿಮನದಿಗಳು ಉಜ್ಜಿಹೋದ ಆ ಪ್ರಸ್ಥಭೂಮಿಯಲ್ಲಿ ನೀರನ್ನು ತಡೆದು ನಿಲ್ಲಿಸಿರುವುದು ಒಟ್ಟು ಸೇರಿ ಸುಮಾರು 64 ಕಿಲೋಮೀಟರ್ ಉದ್ದದ 88 ಒಡ್ಡುಗಳು. ಎತ್ತರದ ಅಣೆಕಟ್ಟನ್ನು ಅಲ್ಲಿ ಹುಡುಕಿದರೂ ಸಿಗದು. ನೆಲದಲ್ಲಿ ಹೆಚ್ಚು ಏರಿಳಿತವಿಲ್ಲದಿರುವುದರಿಂದಲೇ ಮಿಚಿಕಮೌ, ಲಾಬ್‌ಸ್ಟಿಕ್‌ನಂತಹ ಹಳೆಯ ಸರೋವರಗಳು ಒಂದಾಗಿ, ಹಿನ್ನೀರು 6,500 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿ, ಅದರ ದಡವು ನಕ್ಷೆಯಲ್ಲಿ ಹರಿದ ಬಟ್ಟೆಯ ಅಂಚಿನಂತೆ ಕಾಣುತ್ತದೆ: ಅಂದಿನ ತೊರೆಯ ಕಣಿವೆ ಇಂದು ಕೊಲ್ಲಿ, ಅಂದಿನ ದಿಣ್ಣೆ ಇಂದು ದ್ವೀಪ. ‘ನಿರ್ಜನ’ ಎಂಬ ಪದವನ್ನಂತೂ ಒಪ್ಪಲಾಗದು. ‘ಇನ್ನು’ (Innu) ಎಂಬ ಹೆಸರಿನ ಮೂಲನಿವಾಸಿಗಳ ಬೇಟೆಯ ನೆಲವೂ ಸಮಾಧಿಗಳೂ, ಅವರನ್ನು ಒಂದು ಮಾತೂ ಕೇಳದೆ, 1970ರ ದಶಕದಲ್ಲಿ ಇದೇ ನೀರಿನಡಿ ಸೇರಿದವು.